ಊಟಿಯ ಮಂಜು, ರಾಯಚೂರಿನ ಧೂಳು

ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಅಲ್ಲಿಂದ ಇಳಿದು ಬರುವ ಹೊಳೆ, ದಂಡೆಯಲ್ಲೊಂದು ಗುಡಿಸಲು, ಬಾಗಿದ ತೆಂಗಿನಮರ. ಶಾಲೆಗಳಲ್ಲಿ ಇದರ ಹೆಸರು ‘ಸೀನರಿ’. ದೇವದುರ್ಗದ ಹುಡುಗನೂ ಇದನ್ನೇ ಬರೆಯುತ್ತಾನೆ, ಮಾನ್ವಿಯ ಹುಡುಗಿಯೂ ಇದನ್ನೇ. ಕಿಟಕಿಯಾಚೆ ಇರುವುದು ಬಂಡೆ, ಬಳ್ಳಾರಿ ಜಾಲಿ, ಎರೆಹೊಲ. ಹಾಳೆಯ ಮೇಲೆ ಮೂಡುವುದು ಕೇರಳ. ಸೀನರಿಯನ್ನು ಬೈಯುವುದು ಸುಲಭ, ಬೇಕಾದಷ್ಟು ಜನ ಬೈದಾಗಿದೆ. ಅದನ್ನು ದಾಟಿ, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಮುಗಿಸಿ ನಿಸರ್ಗಚಿತ್ರವನ್ನು ಮನಸ್ಸಿಟ್ಟು ಕಲಿಯಲು ಹೊರಟವರು ಯಾರನ್ನು ಮಾದರಿ ಮಾಡಿಕೊಳ್ಳಬೇಕು ಎಂಬುದರ ಬಗ್ಗೆ ಮಾತ್ರ ಯಾರೂ ಜಗಳವಾಡುವುದಿಲ್ಲ.

ಉತ್ತರ ಮೊದಲೇ ಸಿದ್ಧವಾಗಿರುವುದೇ ಅದಕ್ಕೆ ಕಾರಣ: ಕೆ. ವೆಂಕಟಪ್ಪ. ಅವನೀಂದ್ರನಾಥ ಠಾಕೂರರ ಶಿಷ್ಯ, ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಅವರ ಹೆಸರಿನದೇ ಗ್ಯಾಲರಿ. ಅವರ ಊಟಿ, ಕೊಡೈಕೆನಾಲ್ ಜಲವರ್ಣಗಳ ಮುಂದೆ ನಿಂತವರು ದನಿ ತಗ್ಗಿಸುತ್ತಾರೆ. ತಗ್ಗಿಸಬೇಕಾದದ್ದೇ. ಕುಂಚ ಓಡಾಡಿದ ಗುರುತೇ ಕಾಣದ ಆ ನಯ, ಕಣಿವೆಯಿಂದ ಮೇಲೇಳುವ ಮಂಜಿನ ಆ ಹದ ಇನ್ನೊಬ್ಬರಿಗೆ ಸಿಕ್ಕಿಲ್ಲ. ಆದರೆ ದೊಡ್ಡ ಕಲಾವಿದರೆಲ್ಲ ಒಳ್ಳೆಯ ಪಾಠವಾಗುವುದಿಲ್ಲ. ಕೃಷ್ಣೆ–ತುಂಗಭದ್ರೆಯರ ನಡುವಿನ ಈ ಬಯಲಿನಲ್ಲಿ ಬಣ್ಣ ಕಲಿಯುವವರಿಗೆ ವೆಂಕಟಪ್ಪ ದಾರಿ ತಪ್ಪಿಸುತ್ತಾರೆ.

ಆ ಮಂಜಿನ ಹಿಂದಿರುವ ಕೆಲಸವನ್ನೇ ನೋಡಬೇಕು. ತೆಳುಬಣ್ಣವನ್ನು ಪದರಪದರವಾಗಿ ಹಾಯಿಸಿ, ಒಂದು ಬಣ್ಣ ಇನ್ನೊಂದರೊಳಗೆ ಅಂಚಿಲ್ಲದೆ ಕರಗುವಂತೆ ಮಾಡಲು ಹಾಳೆಯ ಪಸೆ ಆರದೆ ನಿಲ್ಲಬೇಕು. ಊಟಿಯ ಗಾಳಿಯೇ ಅರ್ಧ ಕೆಲಸ ಮಾಡಿಕೊಡುತ್ತದೆ. ರಾಯಚೂರಿನ ಏಪ್ರಿಲ್‌ನಲ್ಲಿ, 40 ಡಿಗ್ರಿ ದಾಟಿದ ಒಣಗಾಳಿಯಲ್ಲಿ, ಆಕಾಶದ ಬಣ್ಣ ಹಾಳೆಯ ಅರ್ಧಕ್ಕೆ ಬರುವಷ್ಟರಲ್ಲಿ ಮೇಲಿನ ಅಂಚು ಆರಿ ಗೆರೆ ಬಿದ್ದಿರುತ್ತದೆ. 300 ಜಿಎಸ್‌ಎಂನ ಹತ್ತಿ ಕಾಗದ ಕೊಂಡರೆ ಕೆಲವು ನಿಮಿಷ ಹೆಚ್ಚಿಗೆ ಸಿಗಬಹುದು, ಅಷ್ಟೇ. ಹುಡುಗರು ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ, ತಪ್ಪು ಕೈಯದಲ್ಲ.

ಇದಕ್ಕಿಂತ ದೊಡ್ಡ ತೊಂದರೆ ದೂರದ ಬಣ್ಣದ್ದು. ದೂರದ ಗುಡ್ಡ ನೀಲಿ, ಹತ್ತಿರದ್ದು ಕಂದು ಎಂಬುದು ಎಲ್ಲ ಪಾಠಗಳ ಮೊದಲ ಸೂತ್ರ. ಗಾಳಿಯ ಅಣುಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುವುದರಿಂದ ತಿಳಿಗಾಳಿಯಲ್ಲಿ ಈ ಸೂತ್ರ ನಿಜ. ಧೂಳಿನ ಕಣ ಅಣುವಿಗಿಂತ ಬಹಳ ದೊಡ್ಡದು, ಅದು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುತ್ತದೆ. ಹಾಗಾಗಿ ಬೇಸಿಗೆಯಲ್ಲಿ ದೇವದುರ್ಗದ ಕಡೆಯ ಗುಡ್ಡ ದೂರ ಹೋದಂತೆ ನೀಲಿಯಾಗುವುದಿಲ್ಲ. ಬೆಳ್ಳಗೆ, ಕೊಂಚ ಹಳದಿಗೆ ತಿರುಗಿ ಆಕಾಶದಲ್ಲೇ ಸೇರಿಹೋಗುತ್ತದೆ. ಜೂನ್‌ನಲ್ಲಿ ಮೊದಲ ಮಳೆ ಬಿದ್ದು ಧೂಳು ಕುಳಿತ ಮೇಲೆ ಅದೇ ಗುಡ್ಡಕ್ಕೆ ನೀಲಿ ಮರಳುತ್ತದೆ, ಅಂಚೂ ಚೂಪಾಗುತ್ತದೆ. ಈ ವ್ಯತ್ಯಾಸ ಕಾಣದವರ ಚಿತ್ರದಲ್ಲಿ ವರ್ಷವಿಡೀ ಊಟಿಯ ಡಿಸೆಂಬರ್.

ಅಕ್ರಿಲಿಕ್ ಹಿಡಿದರೆ ಪಾರಾಗಬಹುದೆಂದು ನಂಬಿದವರೂ ಇದ್ದಾರೆ. ಅವರ ಗುರು ಮೊಬೈಲ್ ವಿಡಿಯೊ, ಆ ವಿಡಿಯೊಗಳ ಮೂಲಪುರುಷ ಬಾಬ್ ರಾಸ್. 1983ರಿಂದ 1994ರವರೆಗೆ ಅಮೆರಿಕದ ಟಿವಿಯಲ್ಲಿ ಅರ್ಧ ಗಂಟೆಗೊಂದು ಬೆಟ್ಟ ಬರೆದು ಮುಗಿಸುತ್ತಿದ್ದ ರಾಸ್ ಬಳಸಿದ್ದು ತೈಲವರ್ಣ; ಹಸಿಬಣ್ಣದ ಮೇಲೆ ಹಸಿಬಣ್ಣ ಎಳೆಯುವುದು ಅಲ್ಲಿ ಸಾಧ್ಯ. ಅಕ್ರಿಲಿಕ್‌ನಲ್ಲಿ ನೀರು ಆವಿಯಾದದ್ದೇ ತಡ, ಪಾಲಿಮರ್ ಬೆಸೆದುಕೊಂಡು ಮತ್ತೆ ಕರಗದ ಪೊರೆಯಾಗುತ್ತದೆ. ಸಾಲದ್ದಕ್ಕೆ ಜಲವರ್ಣ ಆರಿದಾಗ ತಿಳಿಯಾಗುತ್ತದೆ, ಅಕ್ರಿಲಿಕ್ ಆರಿದಾಗ ಕಪ್ಪೇರುತ್ತದೆ. ಎರಡನ್ನೂ ಒಟ್ಟಿಗೆ ಕಲಿಯುವವರ ಕಣ್ಣು ಎರಡು ತಿಂಗಳು ಮೋಸಹೋಗುವುದು ಖಂಡಿತ. ಎರೆಭೂಮಿಗೆ ನೇರ ಕಪ್ಪು ಟ್ಯೂಬನ್ನೇ ಹಿಂಡುವ ಚಾಳಿ ಬೇರೆ. ಬರ್ನ್ಟ್ ಅಂಬರ್‌ಗೆ ಅಲ್ಟ್ರಾಮರೀನ್ ಬೆರೆಸಿದರೆ ಸಿಗುವ ಜೀವವುಳ್ಳ ಕಪ್ಪು ಆ ಟ್ಯೂಬಿನಲ್ಲಿಲ್ಲ.

ಇಲ್ಲಿ ನೆನೆಯಬೇಕಾದವರು ರುಮಾಲೆ ಚೆನ್ನಬಸವಯ್ಯ (1910–1988). ಸ್ವಾತಂತ್ರ್ಯ ಹೋರಾಟ, ಕಾಂಗ್ರೆಸ್ ಸೇವಾದಳ, ‘ತಾಯಿನಾಡು’ ಪತ್ರಿಕೆ ಎಂದು ದಶಕಗಳನ್ನು ಕೊಟ್ಟು, 60ರ ದಶಕದಲ್ಲಿ ಮತ್ತೆ ಕುಂಚ ಹಿಡಿದು ಬೆಂಗಳೂರಿನ ಹೂಮರಗಳ ಮುಂದೆ ಕುಳಿತವರು. ಅವರ ಬಣ್ಣ ಕರಗುವುದಿಲ್ಲ; ಬಿಡಿಬಿಡಿ ಹೊಡೆತಗಳಾಗಿ ಒಂದರ ಪಕ್ಕ ಒಂದು ಕೂರುತ್ತದೆ. ಆರಿದ ಬಣ್ಣದ ಮೇಲೆ ಇನ್ನೊಂದು ಹೊಡೆತ, ಅದರ ಸಂದಿಯಲ್ಲಿ ಮೂರನೆಯದು. ಹಾಳೆ ಬೇಗ ಆರಿದರೆ ಈ ಕ್ರಮಕ್ಕೆ ನಷ್ಟವಿಲ್ಲ, ಲಾಭವೇ. ಜಲವರ್ಣಕ್ಕೂ ಅಕ್ರಿಲಿಕ್‌ಗೂ ಒಂದೇ ಅಭ್ಯಾಸ ಸಾಕಾಗುವುದೂ ಇದರಲ್ಲೇ. ರಾಯಚೂರು ಕೋಟೆಯ ಗುಡ್ಡದ ಬಂಡೆಯ ಮೇಲೆ ಬಿಸಿಲು ಬಿದ್ದಾಗ ಕಾಣುವುದೂ ಇಂಥ ತುಣುಕುಗಳೇ: ನಸುಗೆಂಪು, ಬೂದು, ಬಿರುಕಿನ ಕಪ್ಪು. ಅಲ್ಟ್ರಾಮರೀನ್, ಬರ್ನ್ಟ್ ಸಿಯೆನಾ ಎರಡೇ ಸಾಕು. ಅಲ್ಟ್ರಾಮರೀನ್‌ನ ಕಣ ಹಾಳೆಯ ಒರಟಿನಲ್ಲಿ ಕುಳಿತು ಗ್ರಾನೈಟಿನ ತರಿಯನ್ನು ತಾನೇ ತರುತ್ತದೆ.

ರುಮಾಲೆಯವರ ಹೆಸರೆತ್ತಿದೊಡನೆ ಕೆಲವರು ‘ವ್ಯಾನ್ ಗೋ ಛಾಯೆ’ ಎಂದು ಮಾತು ಮುಗಿಸುತ್ತಾರೆ. ಅವನೀಂದ್ರನಾಥರ ಛಾಯೆ ವೆಂಕಟಪ್ಪನವರಲ್ಲಿ ಕಂಡರೆ ಅದು ಪರಂಪರೆ, ವ್ಯಾನ್ ಗೋ ಛಾಯೆ ರುಮಾಲೆಯವರಲ್ಲಿ ಕಂಡರೆ ಅನುಕರಣೆ! ದಪ್ಪ ತೈಲದ ಹೊಡೆತವನ್ನು ಜಲವರ್ಣಕ್ಕೆ ಒಗ್ಗಿಸುವುದು ನಕಲಿನಿಂದ ಆಗುವ ಕೆಲಸವಲ್ಲ. ಬಣ್ಣ ಎಷ್ಟು ದಟ್ಟವಿರಬೇಕು, ಹಾಳೆಯ ಬಿಳುಪನ್ನು ಎಲ್ಲಿ ಉಳಿಸಬೇಕು ಎಂಬುದನ್ನೆಲ್ಲ ಹೊಸದಾಗಿ ಲೆಕ್ಕಹಾಕಬೇಕಾಗುತ್ತದೆ. ನಡುವಿನ ಸಾರ್ವಜನಿಕ ಬದುಕನ್ನು ಹಿಡಿದು ಅವರನ್ನು ಹವ್ಯಾಸಿ ಎನ್ನುವವರೂ ಉಂಟು. ಅಂಥವರು ಚಿತ್ರ ನೋಡುವುದಕ್ಕಿಂತ ಜೀವನಚರಿತ್ರೆ ಓದುವುದೇ ಹೆಚ್ಚು.

ರುಮಾಲೆಯವರಲ್ಲಿ ಕುಂದಿಲ್ಲವೆಂದಲ್ಲ. ಹೂವಿನ ಸಡಗರ ಕೆಲವೊಮ್ಮೆ ಅತಿಯಾಗುತ್ತದೆ; ಅವರ ಕೆಂಪನ್ನು ಹಾಗೆಯೇ ತಂದು ಮಾನ್ವಿಯ ಕಾಲುವೆ ಬದುವಿಗೆ ಹಚ್ಚಿದರೆ ಅದೂ ಇನ್ನೊಂದು ಸೀನರಿ. ತೆಗೆದುಕೊಳ್ಳಬೇಕಾದದ್ದು ಹೊಡೆತವನ್ನು, ಬಣ್ಣವನ್ನಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದಾಗಿನ ಭತ್ತದ ಹಸಿರು, ಕೊನೆಭಾಗದಲ್ಲಿ ನೀರು ತಲುಪದೆ ಬಿರುಕುಬಿಟ್ಟ ಎರೆ, ಶಕ್ತಿನಗರದ ಚಿಮಣಿಗಳ ಹೊಗೆ, ವಲಸೆ ಬಂದ ರೈತರ ಕ್ಯಾಂಪುಗಳ ತಗಡಿನ ಮಾಡು ಎಲ್ಲಕ್ಕೂ ಆ ಹೊಡೆತ ಒಗ್ಗುತ್ತದೆ.

ಡ್ರಾಯಿಂಗ್ ಮಾಸ್ತರರು ಮಾಡಬೇಕಾದದ್ದು ಇಷ್ಟು: ಬೆಳಗಿನ ಆರಕ್ಕೆ ಮಕ್ಕಳನ್ನು ಕೋಟೆಗೆ ಕರೆದೊಯ್ದು, 1294ರ ಶಾಸನದ ಆ ಉದ್ದನೆಯ ಕಲ್ಲಿನ ಮುಂದೆ ಎರಡೇ ಬಣ್ಣ ಕೊಟ್ಟು ಕೂರಿಸಲಿ. ರುಮಾಲೆಯವರ ಮೂಲಚಿತ್ರಗಳು ಸುಮಾರು 400 ಕಿ.ಮೀ. ದೂರದ ಬೆಂಗಳೂರಿನಲ್ಲಿವೆ, ಒಮ್ಮೆಯಾದರೂ ಅವನ್ನು ರಾಯಚೂರಿಗೆ ತಂದು ತೋರಿಸುವ ಹೊಣೆಯನ್ನು ಲಲಿತಕಲಾ ಅಕಾಡೆಮಿ ಹೊರಲಿ.