ಪ್ರಶ್ನಚಿಹ್ನೆಯೂ ಕಾಕುವೂ

ಇಂಗ್ಲಿಷ್ ವ್ಯಾಕರಣವು ವಾಕ್ಯಗಳನ್ನು ನಿರೂಪಣೆ, ಪ್ರಶ್ನೆ, ಆಜ್ಞೆ, ಉದ್ಗಾರ ಎಂದು ನಾಲ್ಕಾಗಿ ವಿಂಗಡಿಸಿ, ಅವಕ್ಕೆ ತಕ್ಕ ಕೊನೆಯ ಗುರುತುಗಳನ್ನು ವಿಧಿಸುವುದು. ನಮ್ಮ ಪಾಠಶಾಲೆಗಳಲ್ಲಿ ಈ ಕ್ರಮವನ್ನೇ ಕನ್ನಡಕ್ಕೂ ಹೊಂದಿಸಿರುವರು. ಅದು ಎಷ್ಟರಮಟ್ಟಿಗೆ ಸಲ್ಲುವುದೆಂಬುದನ್ನು, 1887ರಲ್ಲಿ ಮುಳಬಾಗಿಲಿನಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರ 'ಮಂಕುತಿಮ್ಮನ ಕಗ್ಗ'ದಲ್ಲಿ (1943) ಪರೀಕ್ಷಿಸಬಹುದು. ಪ್ರಶ್ನೆಯೇ ಆ ಕೃತಿಯ ಜೀವಾಳ.

ಪಾಣಿನಿಯು ಪ್ರಶ್ನೆ, ದೂರಾಹ್ವಾನ ಮುಂತಾದೆಡೆಗಳಲ್ಲಿ ವಾಕ್ಯಾಂತ್ಯದ ಸ್ವರಕ್ಕೆ ಪ್ಲುತವನ್ನು ವಿಧಿಸಿದನು. ಅಲ್ಲಿ ಧ್ವನಿಯೇ ಚಿಹ್ನೆ. ಕನ್ನಡದಲ್ಲಿ ಏನು, ಏಕೆ ಮೊದಲಾದ ಶಬ್ದಗಳೂ ಆ, ಏ, ಓ ಎಂಬ ಅವ್ಯಯಗಳೂ ಆ ಕಾರ್ಯವನ್ನು ಮಾಡುವುವು. "ಮಳೆ ಬಂದಿತೆ" ಎಂದೊಡನೆ ಪ್ರಶ್ನೆಯೆಂದು ತಿಳಿಯುವುದು. ಚಿಹ್ನೆಯು ತಿಳಿದುದರ ಅನುವಾದ ಮಾತ್ರ.

ಆದರೆ "ಕಲ್ಲು ನೀರಿಗೆ ಕರಗೀತೆ?" ಎಂಬುದು ರೂಪದಿಂದ ಪ್ರಶ್ನೆ, ಅರ್ಥದಿಂದ ನಿಷೇಧ. ಆಲಂಕಾರಿಕರು ಇದನ್ನು ಕಾಕುವೆಂದರು. ನಾಲ್ಕರ ವಿಭಾಗದಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ಕಗ್ಗದಲ್ಲಿಯಾದರೋ ನಿಜವಾದ ಜಿಜ್ಞಾಸೆಯೂ ಕಾಕುವೂ ಒಂದೇ ಚಿಹ್ನೆಯನ್ನು ಹೊತ್ತು ಬರುವುವು. ಎರಡನ್ನೂ ಒಂದೇ ಬಗೆಯಾಗಿ ಓದಿದರೆ ಕವಿಯ ಸಂಶಯವು ನಿಶ್ಚಯವಾಗಿಯೂ ನಿಶ್ಚಯವು ಸಂಶಯವಾಗಿಯೂ ತೋರಿ, ಕೃತಿಯ ತಾತ್ಪರ್ಯವೇ ಕೆಡುವುದು. ಪದ್ಯಾಂತ್ಯದ 'ಮಂಕುತಿಮ್ಮ' ಎಂಬ ಸಂಬೋಧನೆಯೂ ಇದನ್ನೇ ಅವಲಂಬಿಸಿದೆ: ಜಿಜ್ಞಾಸೆಯಲ್ಲಿ ಅದು ಜೊತೆಗಾರನನ್ನು ಕರೆಯುವ ಕರೆ, ಕಾಕುವಿನಲ್ಲಿ ಹಿರಿಯನ ಎಚ್ಚರಿಕೆ.

ಆದುದರಿಂದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಉಪಾಧ್ಯಾಯರು, ತಮ್ಮ ಸೀಮೆಯ ಈ ಕವಿಯನ್ನು ಪಾಠ ಹೇಳುವಾಗ, ವಾಕ್ಯದ ಜಾತಿಯನ್ನು ಹೆಸರಿಸುವ ಮುನ್ನ ವಿದ್ಯಾರ್ಥಿಗಳಿಂದ ಪದ್ಯವನ್ನು ಗಟ್ಟಿಯಾಗಿ ಓದಿಸಿ, ಇಲ್ಲಿ ಕವಿಯು ಉತ್ತರವನ್ನು ಬಯಸುವನೆ ಇಲ್ಲವೆ ಎಂದು ವಿಚಾರಿಸುವುದು ಉಚಿತ. ವಿರಾಮಚಿಹ್ನೆಗಳ ತಿದ್ದುಪಡಿಯು ಆ ವಿಚಾರದ ತರುವಾಯ ಆಗತಕ್ಕದ್ದು.