ಬಿಕ್ಕುವ ಕ್ಲಾರಿನೆಟ್, ಕುಣಿಯುವ ಕಾಲು

ಕ್ಲೆಜ್ಮರ್ ಸಂಗೀತದ ಬಗ್ಗೆ ಬರೆಯುವವರು ಬಹುಪಾಲು ಕಣ್ಣೀರಿನಿಂದಲೇ ಆರಂಭಿಸುತ್ತಾರೆ. ಇದು ಪೂರ್ವ ಯುರೋಪಿನ ಯಿಡ್ಡಿಷ್ ಭಾಷಿಕ ಯಹೂದಿಗಳ ಮದುವೆಮನೆಯ ಸಂಗೀತ. ಆ ಸಮುದಾಯದ ಬಹುಭಾಗ ನಾಜಿಗಳ ಹತ್ಯಾಕಾಂಡದಲ್ಲಿ ನಾಶವಾದದ್ದರಿಂದ, ಕ್ಲಾರಿನೆಟ್ ಎಲ್ಲಿ ಬಿಕ್ಕಿದರೂ ನಮಗೆ ಇತಿಹಾಸವೇ ಅಳುತ್ತಿರುವಂತೆ ಕೇಳಿಸುತ್ತದೆ. ಹಾಗೆ ಕೇಳಿಸುವುದು ಸಹಜ. ಆದರೆ ಅಷ್ಟೇ ಸಾಕೇ? ಝೆವ್ ಫೆಲ್ಡ್‌ಮನ್ ಮತ್ತು ಆ್ಯಂಡಿ ಸ್ಟ್ಯಾಟ್‌ಮನ್ ಜೋಡಿಯ 1979ರ ‘ಜ್ಯೂಯಿಷ್ ಕ್ಲೆಜ್ಮರ್ ಮ್ಯೂಸಿಕ್’ ಧ್ವನಿಮುದ್ರಿಕೆಯನ್ನು ಕೇಳಿದ ಮೇಲೆ ಸಾಲದು ಎಂದೇ ನನಗನ್ನಿಸುತ್ತದೆ.

ಸ್ಟ್ಯಾಟ್‌ಮನ್ ಅಮೆರಿಕದ ಬ್ಲೂಗ್ರಾಸ್ ಸಂಗೀತದಲ್ಲಿ ಮ್ಯಾಂಡೊಲಿನ್ ನುಡಿಸುತ್ತಿದ್ದವರು. ಕ್ಲಾರಿನೆಟ್ ಕಲಿಯಲು ಅವರು ಹೋದದ್ದು, 1921ರಲ್ಲಿ ಉಕ್ರೇನಿನಿಂದ ವಲಸೆ ಬಂದಿದ್ದ ಡೇವ್ ತಾರಾಸ್ ಅವರ ಬಳಿಗೆ. ಫೆಲ್ಡ್‌ಮನ್ ಸಂಶೋಧಕರು, ಅವರ ವಾದ್ಯ ತ್ಸಿಂಬಲ್, ನಮ್ಮ ಸಂತೂರಿನ ಬಂಧು. ಪಿಯಾನೊ, ಡ್ರಮ್, ತುತ್ತೂರಿಗಳು ತುಂಬಿದ ಅಮೆರಿಕದ ಮದುವೆ ಬ್ಯಾಂಡುಗಳಲ್ಲಿ ತ್ಸಿಂಬಲ್ ಬಹುಮಟ್ಟಿಗೆ ಮರೆಯಾಗಿತ್ತು. ಅದನ್ನು ಮತ್ತೆ ಕ್ಲಾರಿನೆಟ್ಟಿನ ಪಕ್ಕಕ್ಕೆ ತಂದದ್ದು ಈ ಜೋಡಿಯ ಮುಖ್ಯ ವಿಮರ್ಶಾತ್ಮಕ ನಿರ್ಧಾರ.

ಇದರ ಪರಿಣಾಮ ಕಿವಿಗೆ ನೇರವಾಗಿ ತಾಕುತ್ತದೆ. ಹಿನ್ನೆಲೆಯಲ್ಲಿ ಬಾಸ್ ಇದ್ದರೂ ಗದ್ದಲವಿಲ್ಲ. ಕೋಲು ತಾಗಿದ ತಂತಿಯ ನಾದ ಕ್ಷೀಣಿಸುತ್ತಿದ್ದಂತೆ ಕ್ಲಾರಿನೆಟ್ಟಿನ ಒಂದೊಂದು ತಿರುವೂ ಬಿಡಿಯಾಗಿ ಕೇಳುತ್ತದೆ. ಸ್ವರದ ತುದಿಯನ್ನು ಫಕ್ಕನೆ ಕತ್ತರಿಸಿ ಬಿಕ್ಕಿದಂತೆ ಮಾಡುವುದಕ್ಕೆ ಯಿಡ್ಡಿಷ್‌ನಲ್ಲಿ ‘ಕ್ರೆಖ್ತ್ಸ್’ ಎನ್ನುತ್ತಾರೆ. ಗಮನಿಸಬೇಕಾದ್ದೆಂದರೆ, ಲಯವಿಲ್ಲದೆ ನಮ್ಮ ಆಲಾಪದಂತೆ ಹರಿಯುವ ‘ದೊಯ್ನ’ದಲ್ಲಿ ಮಾತ್ರವಲ್ಲ, ವೇಗದ ಕುಣಿತದ ಧಾಟಿಗಳಲ್ಲೂ ಅದೇ ಬಿಕ್ಕು ಬರುತ್ತದೆ. ಅಂದರೆ ಅದು ದುಃಖದ ವರದಿಯಲ್ಲ, ಕಲಿತು ಕೈವಶ ಮಾಡಿಕೊಂಡ ಗಮಕ. ನಫ್ತೂಲೆ ಬ್ರಾಂಡ್‌ವೈನ್ 1920ರ ದಶಕದಲ್ಲಿ, ಹತ್ಯಾಕಾಂಡಕ್ಕೆ ಬಹಳ ಮೊದಲೇ, ಹೀಗೆಯೇ ನುಡಿಸುತ್ತಿದ್ದರು.

ಆ ಮದುವೆಗಳಲ್ಲಿ ಅಳುವಿಗೊಂದು ಗೊತ್ತಾದ ಜಾಗವಿತ್ತು. ‘ಬದ್ಖನ್’ ಎಂಬ ಆಶುಕವಿ ಪದ ಕಟ್ಟಿ ಮದುಮಗಳನ್ನು ಅಳಿಸುತ್ತಿದ್ದ, ಆಮೇಲೆ ಕುಣಿತ. ಹೆಣ್ಣೊಪ್ಪಿಸುವ ಹಾಡು ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಕ್ಲೆಜ್ಮರಿನಲ್ಲಿ ಹೆಚ್ಚಾಗಿ ಕೇಳಿಬರುವ ‘ಫ್ರೈಗಿಶ್’ ಮಟ್ಟಿನ ಸ್ವರಗಳು ನಮ್ಮ ವಕುಳಾಭರಣದವೇ. ಹಾಗೆಂದು ಎರಡೂ ಒಂದೇ ಅಲ್ಲ. ಸ್ವರಗಳು ಹೊಂದಿದರೂ ಅವನ್ನು ಅಲುಗಿಸುವ ರೀತಿ ಬೇರೆ, ಅದರ ಹಿಂದಿನ ಬದುಕು ಬೇರೆ.

ಈ ಧ್ವನಿಮುದ್ರಿಕೆಗೆ ಮಿತಿಯೂ ಇದೆ. ಬಿಡಿಸಿ ಕೇಳಿಸುವ ಈ ಸ್ಪಷ್ಟತೆಗೆ ಮದುವೆಮನೆಯ ಬೆವರು, ತಳ್ಳಾಟಗಳೇ ಬೆಲೆ. ಕುಣಿತದ ಧಾಟಿಗೆ ತಲೆ ತೂಗುತ್ತದೆ, ಕಾಲು ಅಷ್ಟು ಸುಲಭವಾಗಿ ಏಳುವುದಿಲ್ಲ. ಮದುವೆಯ ಸಂಗೀತ ಇಲ್ಲಿ ಕಛೇರಿಯ ಸಂಗೀತವಾಗಿದೆ. ಆದರೂ ಹಳೆಯ ತಟ್ಟೆಗಳ ಗೊರಗೊರದಲ್ಲಿ ಉಳಿದಿದ್ದನ್ನು ನಕಲು ಮಾಡದೆ, ಬದುಕಿದ್ದ ಗುರುವಿನಿಂದ ಕಲಿತು ಮುಂದಕ್ಕೊಯ್ದರು ಎಂಬುದು ದೊಡ್ಡ ಮಾತು.

ಸಂಶೋಧನೆ ಮಾಡುವ ನನ್ನಂಥವರಿಗೆ ಇದು ಎಚ್ಚರಿಕೆಯೂ ಹೌದು. ನಾಶವಾದ ಲೋಕವೊಂದನ್ನು ಓದುವಾಗ ಅದರ ಸಾವನ್ನಷ್ಟೇ ಓದಿದರೆ, ಆ ಜನ ಹೇಗೆ ನಕ್ಕರು, ಹೇಗೆ ಕುಣಿದರು ಎಂಬುದನ್ನು ನಾವೇ ಎರಡನೆಯ ಸಲ ಅಳಿಸಿದಂತಾಗುತ್ತದೆ. ಮೊದಲು ಬ್ರಾಂಡ್‌ವೈನ್, ಆಮೇಲೆ ಈ ಜೋಡಿ: ಹೀಗೆ ಒಂದರ ಬೆನ್ನಿಗೆ ಒಂದನ್ನು ಕೇಳಿ ನೋಡಿ.