ಹೂರಣದ ಹಿಂದಿನ ಕೈ

ಜಪಾನಿನ ಹಳೆಯ ಲೇಖಕರು ತಮ್ಮ ಸಿಹಿತಿಂಡಿಗಳನ್ನು ತಿಂದದ್ದಕ್ಕಿಂತ ನೋಡಿದ್ದೇ ಹೆಚ್ಚೇನೋ ಅನ್ನಿಸುತ್ತದೆ. ನತ್ಸುಮೆ ಸೊಸೆಕಿಯವರ ‘ಕುಸಮಕುರ’ (1906) ಕಾದಂಬರಿಯ ಚಿತ್ರಕಾರನಿಗೆ ಯೋಕನ್ ಅಂದರೆ ಬಲು ಇಷ್ಟ. ಅಜುಕಿ ಎಂಬ ಕೆಂಪು ಕಾಳಿನ ಹೂರಣಕ್ಕೆ ಸಕ್ಕರೆಯನ್ನೂ ಕಡಲಪಾಚಿಯ ಅಗರ್ ಅನ್ನೂ ಬೆರೆಸಿ, ಹೆಪ್ಪುಗಟ್ಟಿಸಿ, ಕತ್ತರಿಸಿದ ತುಂಡು ಅದು. ಅವನಿಗೆ ತಿನ್ನುವ ಆಸೆ ಅಷ್ಟೇನಿಲ್ಲ. ಅದರ ನುಣುಪು, ಬೆಳಕು ಅದರೊಳಗೆ ಇಳಿಯುವ ಬಗೆ, ತಟ್ಟೆಯ ಬಣ್ಣಕ್ಕೆ ಅದು ಒಗ್ಗುವ ರೀತಿ ಕಂಡರೆ ಸಾಕು. 1933ರಲ್ಲಿ ನೆರಳಿನ ಸೊಬಗಿನ ಬಗ್ಗೆ ಪ್ರಸಿದ್ಧ ಪ್ರಬಂಧ ಬರೆದ ತನಿಜಾಕಿ ಜುನ್‌ಇಚಿರೊ, ಸೊಸೆಕಿಯವರ ಇದೇ ಮಾತನ್ನು ಎತ್ತಿಕೊಂಡು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ಅವರ ಯೋಕನ್ ಅರಗಿನ ಮೆರುಗಿನ ಪಾತ್ರೆಯಲ್ಲಿರಬೇಕು, ಕೋಣೆ ಮಬ್ಬಾಗಿರಬೇಕು. ಅವರೇನೋ ಬಾಯಿಗೆ ಹಾಕಿಕೊಳ್ಳುತ್ತಾರೆ, ಆದರೆ ಸವಿಯುವುದು ಕತ್ತಲೆಯನ್ನು. ಅದನ್ನು ಮಾಡಿದವರು ಯಾರೆಂಬ ಪ್ರಶ್ನೆ ಇಬ್ಬರಿಗೂ ಬರುವುದಿಲ್ಲ.

ಈ ಕಣ್ಣಿನ ಮೋಹಕ್ಕೆ ಕಾರಣವಿದೆ. ವಸಂತ ಬಂತೆಂದರೆ ಉಪ್ಪಿನಲ್ಲಿಟ್ಟ ಚೆರಿ ಎಲೆ ಸುತ್ತಿದ ಸಕುರಮೋಚಿ, ಮೇ ತಿಂಗಳಿಗೆ ಓಕ್ ಎಲೆಯ ಕಶಿವಮೋಚಿ. ನೆರಿಕಿರಿಯಂತೂ ಆಯಾ ಋತುವಿನ ಹೂವಿನ ರೂಪವನ್ನೇ ತಾಳುತ್ತದೆ. ಹೊರಗಿನಿಂದ ಬಂದದ್ದನ್ನೂ ಈ ಪಂಕ್ತಿಗೆ ಕೂರಿಸಿಕೊಂಡ ಜಾಣತನ ಬೇರೆ. ಚುಕ್ಕಿಯಂಥ ಸಕ್ಕರೆ ಹರಳು ಕೊಂಪೆಯಿತೊ, ಸ್ಪಂಜಿನಂಥ ಕಸ್ತೆಲ ಎರಡೂ ಪೋರ್ಚುಗೀಸರಿಂದ ಬಂದವು. ಟೋಕಿಯೋದ ಕಿಮುರಾಯ ಅಂಗಡಿ 1874ರಲ್ಲಿ ಬ್ರೆಡ್ಡಿನ ಹೊಟ್ಟೆಗೂ ಹೂರಣ ತುಂಬಿ ಅನ್‌ಪಾನ್ ಮಾಡಿತು.

ಈ ಹೂರಣಕ್ಕೆ ಅಲ್ಲಿ ‘ಅನ್’ ಎನ್ನುತ್ತಾರೆ. ನವೋಮಿ ಕವಾಸೆ 2015ರಲ್ಲಿ ತೆಗೆದ ಸಿನಿಮಾದ ಹೆಸರೂ ಅದೇ. ದುರಿಯನ್ ಸುಕೆಗಾವ ಅವರ ಕಾದಂಬರಿ ಅದಕ್ಕೆ ಆಧಾರ. ಸೆಂತಾರೊ ಎಂಬಾತ ದೊರಯಾಕಿ ಮಾರುವ ಪುಟ್ಟ ಅಂಗಡಿ ನಡೆಸುತ್ತಾನೆ. ಎರಡು ಪುಟ್ಟ ಮೆತ್ತನೆಯ ದೋಸೆಗಳ ನಡುವೆ ಹೂರಣ ಇಟ್ಟ ಈ ತಿಂಡಿ, ಡೋರೆಮಾನ್ ನೋಡುವ ನಮ್ಮ ಮಕ್ಕಳಿಗೂ ಗೊತ್ತು. ಅವನ ಹೂರಣ ಮಾತ್ರ ಸಿದ್ಧವಾಗಿ ಡಬ್ಬದಲ್ಲಿ ಬರುವಂಥದ್ದು. ಎಪ್ಪತ್ತು ದಾಟಿದ ತೊಕುಯೆ ಎಂಬ ಅಜ್ಜಿ ಕೆಲಸ ಕೇಳಿಕೊಂಡು ಬರುತ್ತಾಳೆ. ಅವಳು ಕೊಟ್ಟುಹೋದ ಹೂರಣವನ್ನು ಕಸಕ್ಕೆಸೆದ ಮೇಲೆ ಅವನಿಗೆ ರುಚಿ ನೋಡುವ ಮನಸ್ಸಾಗುತ್ತದೆ.

ಹೂರಣ ಮಾಡುವ ದೃಶ್ಯ ಸಿನಿಮಾದ ಜೀವ. ಕಾಳನ್ನು ನೆನೆಸಬೇಕು, ಕುದಿಸಿ ಒಗರಿನ ನೀರು ಚೆಲ್ಲಬೇಕು, ಮತ್ತೆ ಬೇಯಿಸಬೇಕು, ಕಾಯಬೇಕು. (ನಮ್ಮಲ್ಲಾದರೆ ಬೇಳೆಯ ಕಟ್ಟನ್ನು ಚೆಲ್ಲುವುದುಂಟೇ? ಹೋಳಿಗೆಯಷ್ಟೇ ಹೋಳಿಗೆ ಸಾರೂ ಮುಖ್ಯ. ಅಜುಕಿ ನಮ್ಮ ಹೆಸರು, ಉದ್ದು, ಅಲಸಂದೆಗಳ ಬಳಗದ್ದೇ ಆದರೂ ಅದರ ಒಗರು ಬೇರೆ.) ಕಿರಿನ್ ಕಿಕಿ ಪಾತ್ರೆಯ ಮೇಲೆ ಬಾಗಿ, ಆವಿಯೊಳಗೆ ಮುಖವಿಟ್ಟು, ಕಾಳು ಏನು ಹೇಳುತ್ತಿದೆಯೋ ಕೇಳುವವಳಂತೆ ನಿಲ್ಲುತ್ತಾರೆ. ಅದು ನಟನೆ ಅನ್ನಿಸುವುದೇ ಇಲ್ಲ. ಸಿಹಿಯನ್ನು ತಟ್ಟೆಯಿಂದ ಒಲೆಯ ಬಳಿಗೆ ಮರಳಿ ತಂದದ್ದು ಈ ಚಿತ್ರದ ದೊಡ್ಡ ಗಳಿಕೆ.

ತೊಕುಯೆಯ ಬೆರಳುಗಳು ಸೊಟ್ಟ. ಶಾಲೆಗೆ ಹೋಗುವ ವಯಸ್ಸಿನಲ್ಲೇ ಕುಷ್ಠರೋಗವೆಂದು ಅವಳನ್ನು ಆರೋಗ್ಯಧಾಮದ ಬೇಲಿಯೊಳಗೆ ಹಾಕಿದ್ದರು; ಬಸಿರಾದಾಗ ಹೆರಲು ಬಿಡಲಿಲ್ಲ. ಹೂರಣದ ಕೈ ಪಳಗಿದ್ದೂ ಆ ಬೇಲಿಯೊಳಗೇ. ಅವಳ ಹೂರಣಕ್ಕಾಗಿ ಸಾಲುಗಟ್ಟಿದ ಜನ, ಕೈಯ ಸುದ್ದಿ ಹರಡಿದ್ದೇ ತಡ, ಅಂಗಡಿಯ ಕಡೆ ತಲೆ ಹಾಕುವುದಿಲ್ಲ. ಹೂರಣದ ರುಚಿ ಏನೂ ಬದಲಾಗಿರಲಿಲ್ಲ. ಸಿಹಿಯನ್ನು ಇಷ್ಟು ಅಂದವಾಗಿ ನೋಡಬಲ್ಲ ಕಣ್ಣಿಗೆ ಅದನ್ನು ಮಾಡಿದ ಕೈಯನ್ನು ನೋಡಲಾಗದು. ಸೊಸೆಕಿ, ತನಿಜಾಕಿಯರು ಕೇಳದೆ ಬಿಟ್ಟ ಪ್ರಶ್ನೆ ಇಲ್ಲಿ ಎದುರಾಗುತ್ತದೆ.

ಕವಾಸೆ ಮೇಲೆ ನನ್ನ ತಕರಾರೂ ಇಲ್ಲೇ. ಅವರ ಕ್ಯಾಮೆರಾ ಪದೇಪದೇ ಚೆರಿ ಹೂವಿಗೆ, ಎಲೆಗಳ ಸಂದಿಯ ಬಿಸಿಲಿಗೆ ಓಡಿಹೋಗುತ್ತದೆ. ತೊಕುಯೆಯನ್ನು ಕೂಡಿಹಾಕಿದ್ದು ವಿಧಿಯಲ್ಲ, ಕಾನೂನು. 1931ರಲ್ಲಿ ಬಿಗಿಯಾದದ್ದು, ಗುಣಪಡಿಸುವ ಔಷಧ ಬಂದ ಮೇಲೂ 1953ರಲ್ಲಿ ಹೊಸದಾಗಿ ಬರೆಸಿಕೊಂಡು 1996ರವರೆಗೆ ಉಳಿಯಿತು. ಅದು ಸಂವಿಧಾನಬಾಹಿರವೆಂದು ಕುಮಾಮೊತೊ ನ್ಯಾಯಾಲಯ 2001ರಲ್ಲಿ ಹೇಳಿತು. ಸಿನಿಮಾದಲ್ಲಿ ಇದೆಲ್ಲ ಕರಗಿ, ಜನರ ತಪ್ಪು ತಿಳಿವಳಿಕೆ ಎಂಬ ಮೆದು ಮಾತಾಗುತ್ತದೆ. ಸರ್ಕಾರದ ಹೊಣೆ ಹೂವಿನಡಿ ಮುಚ್ಚಿಹೋಗುತ್ತದೆ. ಯೋಕನ್ ನೋಡುತ್ತ ಕುಳಿತ ಚಿತ್ರಕಾರನ ಚಾಳಿಯೇ ಇದು.

ಆದರೂ ಇದನ್ನು ನೋಡಬೇಡಿ ಎನ್ನಲಾರೆ. ತೊಕುಯೆ ಸತ್ತ ಮೇಲೆ ಅವಳ ತಿಂಡಿ ಮಾಡುವ ಸಾಮಾನುಗಳು ಸೆಂತಾರೊಗೆ ಬರುತ್ತವೆ. ಕೊನೆಯಲ್ಲಿ ಅವನು ಉದ್ಯಾನದಲ್ಲಿ, ಮತ್ತದೇ ಚೆರಿ ಮರಗಳ ಕೆಳಗೆ, ದೊರಯಾಕಿ ಮಾರಲು ನಿಂತು ಗಂಟಲು ಬಿಚ್ಚಿ ಕೂಗುತ್ತಾನೆ. ಹೂವು ನೋಡಲು ಬಂದ ಜನ ಅವನತ್ತ ತಿರುಗುತ್ತಾರೆ.